ಕಲ್ಯಾಣದ ಪೇಟೆ: ವೃತ್ತಿನಾಮಗಳ ಸಾಕ್ಷ್ಯ

ಒಂದನೆಯ ಸೋಮೇಶ್ವರನು (1042-1068) ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ಸ್ಥಳಾಂತರಿಸಿದನು. ಚಾಲುಕ್ಯ ಶಾಸನಗಳಲ್ಲಿ ಬರುವ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳು ಆ ಕಾಲದ ಸರಕು ಸಾಗಣೆಯ ವ್ಯಾಪ್ತಿಯನ್ನು ಸೂಚಿಸುತ್ತವೆ. ಆದರೆ ಪೇಟೆಯಲ್ಲಿ ದುಡಿದವರ ಚಹರೆ ದೊರೆಯುವುದು ಹನ್ನೆರಡನೆಯ ಶತಮಾನದ ಶರಣರ ವೃತ್ತಿನಾಮಗಳಲ್ಲಿ: ಸೌದೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಗಾಣದ ಕಣ್ಣಪ್ಪ, ಹೆಂಡದ ಮಾರಯ್ಯ. ಇವರಿಂದ ಸುಂಕವೆತ್ತುವ ಕಾಯಕದ ಸುಂಕದ ಬಂಕಣ್ಣನೂ ವಚನಕಾರನೇ ಎಂಬುದು ಗಮನಾರ್ಹ. ಅರಸರ ಪ್ರಶಸ್ತಿಗಳು ಇಂಥವರನ್ನು ಹೆಸರಿಸುವುದಿಲ್ಲ.

ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಅಧಿನಿಯಮ 2005ರಲ್ಲಿ ಬಂದಿತು. 2021ರ ಜನವರಿ 6ರಂದು 500 ಕೋಟಿ ರೂಪಾಯಿ ಅಂದಾಜಿನ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಅದರ 770 ಕಂಬಗಳು ಅಮರಗಣಂಗಳ ಸಂಖ್ಯೆಯನ್ನು ಸ್ಮರಿಸುತ್ತವೆ. ಗೋಷ್ಠಿಗೆ ಹೀಗೆ ಕಲ್ಲಿನ ರೂಪ ದೊರೆಯುವಾಗ, ಗೋಷ್ಠಿಗೆ ಬರುತ್ತಿದ್ದವರು ಹಗಲೆಲ್ಲ ದುಡಿದ ಗಾಣ, ಅಂಗಡಿ, ಸುಂಕದ ಕಟ್ಟೆಗಳ ನೆಲೆಯನ್ನು ಗುರುತಿಸುವ ಕ್ಷೇತ್ರಕಾರ್ಯವೂ ಜೊತೆಗೇ ನಡೆಯಬೇಕು. ಹೊಸ ಅಡಿಪಾಯ ಬಿದ್ದ ಕಡೆ ಉತ್ಖನನಕ್ಕೆ ಅವಕಾಶವಿರದು.