ಹೊಗೆಯಿಲ್ಲದ ಚಿಮಣಿಗಳು

ಲೋವರ್ ಪರೇಲ್‌ನಲ್ಲಿ ನನ್ನ ಕಚೇರಿ ಇರುವುದು ಹಳೆಯ ಗಿರಣಿಯೊಂದರ ಆವರಣದಲ್ಲಿ. ಕಿಟಕಿಯಿಂದ ಇಟ್ಟಿಗೆಯ ಚಿಮಣಿ ಕಾಣುತ್ತದೆ. ಹೊಸದಾಗಿ ಸೇರಿದಾಗ ಅದನ್ನು ಅಂದಕ್ಕೆ ಕಟ್ಟಿದ್ದಾರೆ ಎಂದೇ ತಿಳಿದಿದ್ದೆ! ಆ ನಾಚಿಕೆಗೇ ಗಿರಣಿಗಳ ಬಗ್ಗೆ ಓದತೊಡಗಿದೆ.

ಮುಂಬಯಿಯ ಮೊದಲ ಬಟ್ಟೆ ಗಿರಣಿಯನ್ನು 1854ರಲ್ಲಿ ಸ್ಥಾಪಿಸಿದವರು ಕಾವಸ್‌ಜಿ ನಾನಾಭಾಯಿ ದಾವರ್. ಮುಂದೆ ಪರೇಲ್, ಲಾಲ್‌ಬಾಗ್ ಸುತ್ತಲಿನ ಪ್ರದೇಶಕ್ಕೆ ಗಿರಣಗಾಂವ್ ಎಂಬ ಹೆಸರೇ ಬಂತು. ಅಲ್ಲಿ ಗಂಡಸರಷ್ಟೇ ದುಡಿದರೆಂದು ನಾನು ಅಂದುಕೊಂಡಿದ್ದೆ. ನೂಲು ಸುತ್ತುವ ಖಾತೆಗಳಲ್ಲಿ ಹೆಂಗಸರೇ ಹೆಚ್ಚಿದ್ದರು. 1929ರಲ್ಲಿ ಹೆರಿಗೆ ಭತ್ಯೆಯ ಕಾಯಿದೆ ಬಂದ ನಂತರದ ದಶಕಗಳಲ್ಲಿ ಅವರ ಸಂಖ್ಯೆ ಕರಗುತ್ತ ಹೋಯಿತು. ಭತ್ಯೆಯ ಖರ್ಚು ಒಂದು ಕಾರಣವಾದರೆ, ರಾತ್ರಿ ಪಾಳಿಯ ನಿಷೇಧ ಇನ್ನೊಂದು. ಗಿರಣಿಯಿಂದ ಹೊರಬಿದ್ದರೂ ಹೆಂಗಸರು ಗಿರಣಗಾಂವ್ ಬಿಡಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಖಾನಾವಳಿ ನಡೆಸಿ, ಊರಿನಲ್ಲಿ ಸಂಸಾರ ಬಿಟ್ಟು ಬಂದ ಕಾರ್ಮಿಕರಿಗೆ ಊಟ ಹಾಕಿದರು. (ಖಾನಾವಳಿ ಎಂದರೇನೆಂದು ನಮ್ಮ ಧಾರವಾಡ, ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ.) ಸಾಲದ ಸುಳಿಯಲ್ಲಿದ್ದ ಇವರನ್ನು 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಗ್ಗೂಡಿಸಿದರು.

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. 1991ರ ನಿಯಮದಂತೆ ಗಿರಣಿ ಜಮೀನಿನಲ್ಲಿ ಮೂರನೆಯ ಒಂದು ಪಾಲು ಊರಿನ ಬಯಲಿಗೆ, ಇನ್ನೊಂದು ಪಾಲು ಜನಸಾಮಾನ್ಯರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಹಂಚಿದರೆ ಸಾಕು ಎಂದಿತು. ಒಂದು ಪದ ಬದಲಾದರೆ ಎಷ್ಟು ಎಕರೆ ಕೈತಪ್ಪುತ್ತದೆ ನೋಡಿ! 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಪಾಳುಬಿದ್ದ ಗಿರಣಿಗಳೇನೂ ಖಾಲಿ ಉಳಿಯಲಿಲ್ಲ. ಕೊಲಾಬಾದ ಮುಕೇಶ್ ಮಿಲ್ಸ್ ಸಿನಿಮಾ ಚಿತ್ರೀಕರಣದ ತಾಣವಾಯಿತು. ದೆವ್ವದ ಕತೆಗಳೂ ಹುಟ್ಟಿಕೊಂಡವು. ನನಗೆ ದೆವ್ವದ ಭಯವಿಲ್ಲ. ಮಹಾಲಕ್ಷ್ಮಿಯ ಶಕ್ತಿ ಮಿಲ್ಸ್ ನೆನಪಾದರೆ ಮಾತ್ರ ಎದೆ ಝಲ್ಲೆನ್ನುತ್ತದೆ. 2013ರ ಆಗಸ್ಟ್‌ನಲ್ಲಿ ಆ ಪಾಳು ಕಟ್ಟಡದ ಚಿತ್ರ ತೆಗೆಯಲು ಹೋದ ಯುವ ಛಾಯಾಚಿತ್ರ ಪತ್ರಕರ್ತೆಯ ಮೇಲೆ ಅಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಅದಕ್ಕೂ ಮೊದಲು ಅಲ್ಲೇ ಇನ್ನೊಬ್ಬ ಯುವತಿಗೆ ಅದೇ ಗತಿಯಾಗಿತ್ತೆಂಬುದು ಆಮೇಲೆ ಬೆಳಕಿಗೆ ಬಂತು. 'ಅಂಥ ಜಾಗಕ್ಕೆ ಆಕೆ ಯಾಕೆ ಹೋಗಬೇಕಿತ್ತು?' ಎಂದು ನಮ್ಮ ಮನೆಗಳಲ್ಲೇ ಕೇಳಿದವರುಂಟು.

ಆಕೆ ಹೋದದ್ದು ಕೆಲಸಕ್ಕೆ. ಸೀರೆಯ ಸೆರಗು ಬಿಗಿದು ನೂಲು ಸುತ್ತಲು ಗಿರಣಿಗಳಿಗೆ ಹೋಗುತ್ತಿದ್ದ ಹೆಂಗಸರಂತೆ. ಈಗ ಲ್ಯಾಪ್‌ಟಾಪ್ ಚೀಲ ಹೊತ್ತು ನಾನು ಹೋಗುವಂತೆ.