ವೈಮಾನಿಕನ ಲಾಗ್‌ಬುಕ್ಕಿನ ಸಂಕೇತಾಕ್ಷರಗಳು

ಸೇನೆಯಿಂದಲೋ ವಿಮಾನ ಕಾರ್ಖಾನೆಯಿಂದಲೋ ನಿವೃತ್ತರಾದ ಹಿರಿಯರು ಬಂದು ನೆಲಸಿರುವ ಬೆಂಗಳೂರಿನ ಬಡಾವಣೆಗಳಲ್ಲಿ, ಪದಕಗಳಿಗೂ ಭಾವಚಿತ್ರಗಳಿಗೂ ಸಲ್ಲುವ ಗೌರವವು ವೈಮಾನಿಕನ ಹಾರಾಟಗಳ ದಾಖಲೆಯಾದ ಲಾಗ್‌ಬುಕ್ಕಿಗೆ ಸಲ್ಲದಿದ್ದರೆ, ಅದಕ್ಕೆ ಕಾರಣವು ಅನಾದರವಲ್ಲ. ಪುಟಪುಟವನ್ನೂ ತುಂಬಿರುವ ಸಂಕೇತಾಕ್ಷರಗಳು ಮಕ್ಕಳು ಮೊಮ್ಮಕ್ಕಳಿಗೆ ಅಗಮ್ಯವಾಗಿರುವುದೇ ಕಾರಣ.

1932ರಲ್ಲಿ ಸ್ಥಾಪಿತವಾದ ಭಾರತೀಯ ವಾಯುಪಡೆಯು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಪದ್ಧತಿಯಲ್ಲಿಯೇ ಬೆಳೆದುದರಿಂದ, ಲಾಗ್‌ಬುಕ್ಕಿನ ವಿನ್ಯಾಸವೂ ಅಲ್ಲಿಂದಲೇ ಬಂದಿತು. ದಿನಾಂಕ, ವಿಮಾನದ ಮಾದರಿ ಮತ್ತು ಸಂಖ್ಯೆ, ಚಾಲಕನ ಹೆಸರು, ಕರ್ತವ್ಯದ ವಿವರ, ಹಾರಾಟದ ಅವಧಿ, ಇವುಗಳಿಗೆ ಬೇರೆ ಬೇರೆ ಅಂಕಣಗಳು; ಇರುಳಿನ ಹಾರಾಟಕ್ಕೆ ಕೆಂಪು ಶಾಯಿ; ತಿಂಗಳ ಮೊತ್ತದ ಕೆಳಗೆ ಮೇಲಧಿಕಾರಿಯ ರುಜು.

ಕಾಗದದ ತಲೆಯಲ್ಲಿ ‘ಉ|| ಕುಶಲೋಪರಿ’ ಎಂದು ಬರೆದು ಉಭಯರ ಕ್ಷೇಮವನ್ನೂ ಒಂದಕ್ಷರದಲ್ಲಿ ಅಡಗಿಸುತ್ತಿದ್ದ ನಮ್ಮ ಹಿರಿಯರಂತೆ, ವೈಮಾನಿಕನೂ ಒಪ್ಪಿಸಿದ ಕಾರ್ಯವು ನೆರವೇರಿದರೆ ‘ಡಿ.ಸಿ.ಒ.’ ಎಂದೂ, ನೆರವೇರದಿದ್ದರೆ ‘ಡಿ.ಎನ್.ಸಿ.ಒ.’ ಎಂದೂ ಬರೆದು ಮುಗಿಸುತ್ತಿದ್ದನು. ಆದರೆ ಅಕ್ಷರಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಈ ಲಿಪಿಯು ವಶವಾಗದು. ‘ಎಫ್/ಎಲ್’ ಎಂಬುದು ಹೆಸರಿನ ಅಂಕಣದಲ್ಲಿದ್ದರೆ ಫ್ಲೈಟ್ ಲೆಫ್ಟಿನೆಂಟ್ ಎಂಬ ಪದವಿ. ಅದೇ ಅಕ್ಷರಗಳು ಕರ್ತವ್ಯದ ಅಂಕಣದಲ್ಲಿ ಬಂದರೆ, ಎಂಜಿನ್ ಕೈಕೊಟ್ಟೋ ಹವಾಮಾನ ಕೆಟ್ಟೋ ಅನಿವಾರ್ಯವಾಗಿ ನೆಲಕ್ಕಿಳಿದ ಸಂಗತಿಯಾಗಿರಬಹುದು. ಅವುಗಳ ಹಿಂದೆ ‘ಪಿ’ ಒಂದು ಸೇರಿದರೆ, ಅದು ಅಂತಹ ಅವತರಣದ ಅಭ್ಯಾಸ ಮಾತ್ರ. ಪ್ರಾಣಸಂಕಟಕ್ಕೂ ಪಾಠಕ್ಕೂ ನಡುವಣ ಅಂತರವು ಒಂದೇ ಅಕ್ಷರದಲ್ಲಿ ನಿಂತಿದೆಯೆಂಬುದನ್ನು ಬಲ್ಲವರು ಆ ಪುಟಗಳನ್ನು ಅವಸರದಿಂದ ತಿರುವಲಾರರು. ಯುದ್ಧಕಾಲದ ಶಿಕ್ಷಾರ್ಥಿಯಂತೂ ಅನೇಕ ವೇಳೆ ಅಕ್ಷರಗಳನ್ನೂ ಬಿಟ್ಟು ಪಾಠಕ್ರಮದ ಅಂಕಿಗಳನ್ನಷ್ಟೇ ಬರೆಯುತ್ತಿದ್ದನು: ಒಂದು ಎಂದರೆ ಆಕಾಶದ ಪ್ರಥಮಾನುಭವ, ಎರಡು ಎಂದರೆ ನಿಯಂತ್ರಣಗಳ ಪರಿಣಾಮ, ಮೂರು ಎಂದರೆ ನೆಲದ ಮೇಲೆ ವಿಮಾನವನ್ನು ನಡೆಸುವುದು.

ಬೆಂಗಳೂರಿಗೆ ಈ ಲಿಪಿಯು ಪರಕೀಯವಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲದಿಂದ ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1944ರಲ್ಲಿ ಯಲಹಂಕದ ನೆಲೆಯಲ್ಲಿ ಬ್ರಿಟಿಷ್ ವೈಮಾನಿಕರು ಹರಿಕೇನ್ ವಿಮಾನವನ್ನು ಬಿಟ್ಟು ಥಂಡರ್‌ಬೋಲ್ಟನ್ನು ನಡೆಸಲು ಕಲಿತರು. ಅಂತಹ ಶಿಕ್ಷಣಕೇಂದ್ರದ ಹೆಸರು ಲಾಗ್‌ಬುಕ್ಕಿನಲ್ಲಿ ‘ಸಿ.ಯು.’ ಎಂಬೆರಡಕ್ಷರ, ಅದು ಕನ್ವರ್ಷನ್ ಯೂನಿಟ್ ಎಂಬುದರ ಸಂಕ್ಷೇಪ.

ಇಂತಹ ಪುಸ್ತಕವು ನಿಮ್ಮ ಮನೆಯಲ್ಲಿದ್ದರೆ ಅದರ ಒಂದು ಹಾಳೆಯನ್ನೂ ಬಿಡಿಸಬೇಡಿರಿ, ಅದರ ಮೇಲೆ ಏನನ್ನೂ ಬರೆಯಬೇಡಿರಿ. ಬರೆದವರು ಬದುಕಿದ್ದರೆ ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ಕೇಳಿ, ಅವರ ಉತ್ತರವನ್ನು ಬೇರೊಂದು ಕಾಗದದಲ್ಲಿ ದಿನಾಂಕಸಹಿತ ಬರೆದಿಡಿರಿ.