ಐಗಳ ಮಠದಿಂದ ಪಾಠಟಿಪ್ಪಣಿಯವರೆಗೆ

ಉಪಾಧ್ಯಾಯರು ತರಗತಿಗೆ ಕಾಲಿಡುವ ಮುನ್ನ ತಾವು ಹೇಳಬೇಕಾದ ಪಾಠವನ್ನು ಬರೆದಿಟ್ಟುಕೊಳ್ಳಬೇಕು. ಹೇಳಿದ ಮೇಲೆ ಮಕ್ಕಳಿಗೆ ಅದು ಎಷ್ಟು ದಕ್ಕಿತೆಂದು ಅಳೆದು ನೋಡಬೇಕು. ಈ ಎರಡು ಕಟ್ಟಳೆಗಳೂ ಇಂದು ನಮಗೆ ಶಾಲೆಯ ಗಂಟೆಯಷ್ಟೇ ಸಹಜವಾಗಿ ತೋರುತ್ತವೆ. ಆದರೆ ಮಂಗಳೂರಿನ ಸೀಮೆಗೆ ಇವು ಜತೆಯಾಗಿ ಬರಲಿಲ್ಲ. ಅಳತೆ ಮುಂದಾಗಿ ಬಂತು. ಸಿದ್ಧತೆ ಏದುಸಿರು ಬಿಡುತ್ತ ಅದರ ಹಿಂದೆ ಬಂತು. ಈ ಹಿಂದುಮುಂದಿನಿಂದ ಪಾಠಕ್ಕೆ ಏನಾಯಿತೆಂಬುದೇ ಇಂದಿನ ಮಾತಿನ ವಿಷಯ.

1822ರಲ್ಲಿ ಮದರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ತಮ್ಮ ಆಡಳಿತದ ಜಿಲ್ಲೆಗಳಿಂದ ದೇಶೀ ಶಾಲೆಗಳ ಲೆಕ್ಕವನ್ನು ಕೇಳಿದರು. ಈ ಮನ್ರೋ ಸಾಹೇಬರೇ ಟಿಪ್ಪು ಸುಲ್ತಾನನ ಪತನಾನಂತರ ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರರಾಗಿದ್ದವರು. ಆದರೂ ಕೆನರಾದಿಂದ ಅಂಕಿಅಂಶ ಹೋಗಲಿಲ್ಲ. ಇಲ್ಲಿ ನೆಲೆಯಾದ ಶಾಲೆಗಳಾಗಲಿ ನೇಮಕಗೊಂಡ ಗುರುಗಳಾಗಲಿ ಇಲ್ಲ, ವಿದ್ಯೆ ಖಾಸಗಿಯಾಗಿ ನಡೆಯುತ್ತದೆ, ಕೋಷ್ಟಕ ತುಂಬಲು ಬಹಳ ಕಾಲ ಹಿಡಿದೀತು ಎಂಬ ಅರ್ಥದ ಉತ್ತರವಷ್ಟೇ ಹೋಯಿತು. ಲೆಕ್ಕಕ್ಕೆ ಸಿಕ್ಕದ್ದು ಇರಲೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದ ಐಗಳು ಸರಕಾರದ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಆದುದರಿಂದ ಅಂದಿನ ಕನ್ನಡ ಮಠದ ಒಳಗನ್ನು ಕಾಣಬೇಕಾದರೆ ಘಟ್ಟ ಹತ್ತಿ ಬಳ್ಳಾರಿಗೆ ಹೋಗಬೇಕಾಗುತ್ತದೆ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಬಹು ಸ್ವಾರಸ್ಯವಾದದ್ದು. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುವ ಮಕ್ಕಳು 6,641. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಮುಂದಕ್ಕೆ. ಕೊನೆಗೆ ಬಂದವನ ಪಾಡನ್ನು ಊಹಿಸಿಕೊಳ್ಳಬಹುದು! ಬಳಿಕ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು, ಗುರು ಮೇಲುವಿಚಾರಣೆ ಮಾಡುವನು. ಈ ಏರ್ಪಾಡನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥದೇ ಕ್ರಮವನ್ನು ಅದಾಗಲೇ ಇಂಗ್ಲೆಂಡಿಗೆ ಒಯ್ದು ಹೆಸರು ಮಾಡಿದ್ದ. ಆದರೆ ಇನ್ನೊಂದು ಮಾತನ್ನೂ ಕ್ಯಾಂಪ್‌ಬೆಲ್ ಮರೆಮಾಚಲಿಲ್ಲ. ಮಕ್ಕಳು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅವುಗಳ ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿದೆ ಎಂದು ಆತ ಬರೆದ. ಅಂಗೈಯ ಗುರುತು ಅಳೆದದ್ದು ಬಂದ ಹೊತ್ತನ್ನು. ಕಂಠಪಾಠ ಅಳೆದದ್ದು ನೆನಪನ್ನು. ತಿಳಿವಳಿಕೆಯನ್ನು ಅಳೆಯುವ ಗೊಡವೆ ಅಲ್ಲಿರಲಿಲ್ಲ.

1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅವರ ಮುದ್ರಣಾಲಯ ಸ್ಥಾಪನೆಯಾಯಿತು. ಎಲ್ಲ ಮಕ್ಕಳ ಕೈಯಲ್ಲಿ ಒಂದೇ ಪುಟ ಇರುವ ಕಾಲ ಹೀಗೆ ಹತ್ತಿರವಾಯಿತು. ಪುಟ ಒಂದೇ ಆದಾಗ ಪ್ರಶ್ನೆಯೂ ಒಂದೇ ಆಗಬಹುದಲ್ಲವೆ?

ಆ ಪ್ರಶ್ನೆ ಹಣದ ಬೆನ್ನೇರಿ ಬಂತು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಸಚಿವ, ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಕಟ್ಟಳೆಯನ್ನು ಜಾರಿಗೆ ತಂದ. ಪರೀಕ್ಷೆಗೆ ಕುಳಿತ ಮಗುವಿನ ಹೆಸರಿನಲ್ಲಿ 8 ಷಿಲಿಂಗ್. ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದೊಂದು ತಪ್ಪಿದಾಗಲೂ 2 ಷಿಲಿಂಗ್ 8 ಪೆನ್ಸ್ ಕಡಿತ. ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡರು ಇದನ್ನು ಖಂಡತುಂಡವಾಗಿ ವಿರೋಧಿಸಿದರು, ಕೇಳುವವರಿರಲಿಲ್ಲ. ಆ ದಶಕ ಮುಗಿಯುವುದರೊಳಗೆ ಇದೇ ಪದ್ಧತಿ ಮದರಾಸು ಪ್ರಾಂತಕ್ಕೂ, ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಕಾಲಿಟ್ಟಿತು. ಅಂದಿನಿಂದ ಪಾಠವನ್ನು ಸಿದ್ಧಪಡಿಸುವುದೆಂದರೆ ಇನ್‌ಸ್ಪೆಕ್ಟರರ ಭೇಟಿಯ ದಿನಕ್ಕೆ ಮಕ್ಕಳನ್ನು ಸಿದ್ಧಪಡಿಸುವುದೆಂದಾಯಿತು. ಉಪಾಧ್ಯಾಯರನ್ನು ಬೈದು ಪ್ರಯೋಜನವಿಲ್ಲ. ಮಗು ಒಂದು ಸಾಲಿನಲ್ಲಿ ತಡವರಿಸಿದರೆ ಕಡಿತ ಬೀಳುವುದು ತಮ್ಮ ಅನ್ನದ ಬಟ್ಟಲಿಗೆ ಎಂದು ತಿಳಿದ ಮೇಲೆ ಯಾರು ತಾನೆ ಆ ಸಾಲನ್ನು ಬಿಟ್ಟು ಹೊರಗಿನ ಮಾತನ್ನಾಡಿಯಾರು? ಪರೀಕ್ಷೆ ನಡೆಯುತ್ತಿದ್ದದ್ದು ಮಗುವಿಗೆ, ಬೆವರುತ್ತಿದ್ದವರು ಗುರುಗಳು. 1904ರಲ್ಲಿ ಲಾರ್ಡ್ ಕರ್ಜನ್ನರ ಸರಕಾರವೇ ಈ ಪದ್ಧತಿಯನ್ನು ಹಳಿದು ನಿರ್ಣಯ ಹೊರಡಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಹಿಂದೆ ಸರಿಯಿತು. ಬೇರು ಮಾತ್ರ ಉಳಿದುಕೊಂಡಿತು.

ಪಾಠಟಿಪ್ಪಣಿಯ ಕಥೆ ಬೇರೆ. ಜರ್ಮನಿಯ ದಾರ್ಶನಿಕ ಹರ್ಬಾರ್ಟನ ಶಿಷ್ಯರು ಪಾಠಕ್ಕೆ ಐದು ಮೆಟ್ಟಿಲುಗಳನ್ನು ಕಟ್ಟಿದರು: ಮಗು ಬಲ್ಲದ್ದನ್ನು ಮೊದಲು ಎಚ್ಚರಿಸುವುದು, ಹೊಸದನ್ನು ನಿರೂಪಿಸುವುದು, ಎರಡನ್ನೂ ಹೋಲಿಸುವುದು, ಅದರಿಂದ ನಿಯಮ ತೆಗೆಯುವುದು, ಆ ನಿಯಮವನ್ನು ಬೇರೆಡೆ ಬಳಸುವುದು. ಉಪಾಧ್ಯಾಯರ ತರಬೇತಿ ಶಾಲೆಗಳ ಮೂಲಕ ಈ ಮೆಟ್ಟಿಲುಗಳು ಎಲ್ಲೆಡೆ ಹಬ್ಬಿದವು. ಒಳ್ಳೆಯ ಗುರುವಿಗೆ ಇವು ಊರುಗೋಲು. ಉಳಿದವರಿಗೆ ಮುಖ್ಯೋಪಾಧ್ಯಾಯರ ರುಜುವಿಗಾಗಿ ತುಂಬಿಸುವ ಕಾಗದ. 1911ರ ಸುಮಾರಿಗೆ ಮದರಾಸಿನಲ್ಲಿ ಬಂದ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಶಾಲೆಯೊಳಗಿನ ಅಂಕಗಳಿಗೂ ಸ್ಥಳವಿತ್ತು. ಪರೀಕ್ಷಕರೊಂದಿಗೆ ಪಾಠ ಹೇಳಿದವರ ಮಾತೂ ಸಲ್ಲಲಿ ಎಂಬ ಈ ವಿವೇಕಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಬೆನ್ನಿಗೇ ಅಮೆರಿಕದ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದು, ನೆನಪು, ಗ್ರಹಿಕೆ, ಅನ್ವಯಗಳನ್ನು ಬೇರೆಬೇರೆಯಾಗಿ ಅಳೆಯಬೇಕೆಂದು ಕಮ್ಮಟಗಳಲ್ಲಿ ಬೋಧಿಸಿದರು. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಹಾಕುವುದು ಅಲ್ಲಿಂದೀಚೆಗೆ ರೂಢಿಯಾಯಿತು. ಬಳ್ಳಾರಿಯ ಗಿಳಿಪಾಠಕ್ಕೆ ಉತ್ತರ ಸಿಗಲು ನೂರಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಯಿತು.

ಇಷ್ಟರ ನಡುವೆ ಬರಬೇಕಾಗಿದ್ದ ನಮ್ಮವರೇ ಒಬ್ಬರ ಹೆಸರನ್ನು ಬೇಕೆಂದೇ ಹಿಡಿದಿಟ್ಟುಕೊಂಡಿದ್ದೇನೆ. ಪಂಜೆ ಮಂಗೇಶರಾಯರು (1874–1937) ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ಮುಂದೆ ಶಾಲೆಗಳ ಇನ್‌ಸ್ಪೆಕ್ಟರರಾದವರು. ಅಳೆಯುವ ತಕ್ಕಡಿಯನ್ನು ಕೈಯಲ್ಲಿ ಹಿಡಿದವರು. ಆದರೆ ಅವರು ಮಾಡಿದ್ದು ತಕ್ಕಡಿಗೆ ಹಾಕಲು ಯೋಗ್ಯವಾದ ಪಾಠವನ್ನು ಬರೆಯುವ ಕೆಲಸ. ಮಕ್ಕಳ ಸಾಹಿತ್ಯಕ್ಕಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಈ ಶಾಲಾಮಾಸ್ತರರಿಗೆ ಒಲಿಯಿತು.

ಅವರ ನಾಗರಹಾವಿನ ಪದ್ಯವನ್ನು ಬಲ್ಲದವರಾರು! ಅದನ್ನು ಪಾಠವೆಂದು ಒಮ್ಮೆ ನೋಡಬೇಕು. ಕರಾವಳಿಯ ಮಗುವಿಗೆ ಮನೆಯ ಹಿಂದೆ ನಾಗಬನವಿದೆ, ನಾಗರಪಂಚಮಿಯ ಹಾಲಿನ ಪರಿಚಯವಿದೆ. ಹರ್ಬಾರ್ಟಿನವರ ಮೊದಲ ಮೆಟ್ಟಿಲು ಶಾಲೆಗೆ ಬರುವ ಮೊದಲೇ ಹತ್ತಿಯಾಗಿದೆ. ಪದಗಳು ಎರಡು ಮೂರು ಅಕ್ಷರಗಳನ್ನು ಹೆಚ್ಚಾಗಿ ಮೀರುವುದಿಲ್ಲ. ಒಂದೇ ಅಕ್ಷರದ ಕರೆ ಪಲ್ಲವಿಯಂತೆ ಮತ್ತೆ ಮತ್ತೆ ಮರಳುತ್ತದೆ. ಅದರಲ್ಲಿ ದೀರ್ಘವನ್ನು ಹ್ರಸ್ವ ಮಾಡಿದ ಮಗು ಒಡನೆಯೇ ತಾಳ ತಪ್ಪುತ್ತದೆ, ಪಕ್ಕದ ಮಗು ನಗುತ್ತದೆ, ತಪ್ಪಿದ್ದು ತಾನೇ ತಿದ್ದಿಕೊಂಡು ಮುಂದಿನ ಸಾಲಿಗೆ ಹೋಗುತ್ತದೆ. ಇನ್‌ಸ್ಪೆಕ್ಟರರು ಅಂಕ ಹಾಕುವುದಕ್ಕೆ ಅಲ್ಲಿ ಏನನ್ನೂ ಉಳಿಸಿರಲಿಲ್ಲ.